ಸಾಲಲ್ಲಿ ನಿಂತೋರಿಗೆ ಚೀಟಿ ಕೊಡಿ: ಆನ್‌ಲೈನ್ ತೆರಿಗೆಯ ಗಡುವು ಯಾರ ಗಡಿಯಾರದ್ದು?

2025ರ ಸೆಪ್ಟೆಂಬರ್ 15, ಸೋಮವಾರ. ಐಟಿ ರಿಟರ್ನ್ ಸಲ್ಲಿಸೋಕೆ ಕೊನೆಯ ದಿನ. ಎಕ್ಸ್‌ನಲ್ಲಿ ಬೆಳಗ್ಗಿಂದ ಒಂದೇ ಥರದ ಸ್ಕ್ರೀನ್‌ಶಾಟ್‌ಗಳು: ಲಾಗಿನ್ ಆಗ್ತಿಲ್ಲ, ವಾರ್ಷಿಕ ಮಾಹಿತಿ ಪಟ್ಟಿ ತೆರೀತಿಲ್ಲ, ತೆರಿಗೆ ಕಟ್ಟೋ ಪುಟ ಅರ್ಧಕ್ಕೇ ನಿಂತಿದೆ. ಆದಾಯ ತೆರಿಗೆ ಇಲಾಖೆಯ ಖಾತೆ ಸಮಾಧಾನದಿಂದ ಉತ್ತರ ಕೊಡ್ತಾ ಇತ್ತು: ಪೋರ್ಟಲ್ ಸರಿಯಾಗಿಯೇ ಇದೆ, ನಿಮ್ಮ ಬ್ರೌಸರ್‌ನ ಕ್ಯಾಶ್ ಅಳಿಸಿ, ಇಲ್ಲಾಂದ್ರೆ ಬೇರೆ ಬ್ರೌಸರ್‌ನಲ್ಲಿ ನೋಡಿ. ಗಡುವು ಸೆಪ್ಟೆಂಬರ್ 30ಕ್ಕೆ ಹೋಗಿದೆ ಅನ್ನೋದು ಸುಳ್ಳು ಸುದ್ದಿ ಅಂತ ಅದೇ ಇಲಾಖೆ ಅಷ್ಟರಲ್ಲಾಗಲೇ ಎಚ್ಚರಿಸಿಯೂ ಆಗಿತ್ತು. ಆಮೇಲೆ ಮಧ್ಯರಾತ್ರಿ ಹತ್ತಿರವಾದಾಗ ಕೇಂದ್ರ ನೇರ ತೆರಿಗೆ ಮಂಡಳಿ, ಅಂದ್ರೆ ಸಿಬಿಡಿಟಿಯ ಪ್ರಕಟಣೆ ಬಂತು: ಗಡುವು ಒಂದು ದಿನ ಮುಂದಕ್ಕೆ, 16ರವರೆಗೆ. ಜೊತೆಗೆ, ರಾತ್ರಿ 12ರಿಂದ 2.30ರವರೆಗೆ ಪೋರ್ಟಲ್ ನಿರ್ವಹಣೆಗಾಗಿ ಬಂದ್.

ಒಂದು ದಿನ ಸಿಕ್ಕಿದ್ದು ಒಳ್ಳೇದೇ. ಆದರೆ ಸಿಕ್ಕ ರೀತಿ ನೋಡಿ. ಸಂಜೆ ಏಳರಿಂದ ಪುಟ ತಿರುಗೋದನ್ನೇ ನೋಡ್ತಾ ಕೂತು, ಗಾಬರಿಯಲ್ಲಿ ಕಣ್ಣುಮುಚ್ಚಿ ‘ಸಲ್ಲಿಸಿ’ ಒತ್ತಿದವರಿಗೆ ಆ ವಿಸ್ತರಣೆಯಿಂದ ಏನೂ ಉಪಯೋಗವಾಗಲಿಲ್ಲ. ಹನ್ನೊಂದಕ್ಕೇ ಕೈಚೆಲ್ಲಿ ಮಲಗಿದವರಿಗೆ ಬೆಳಗ್ಗೆ ಎದ್ದಾಗಲೇ ಸುದ್ದಿ ಗೊತ್ತಾಗಿದ್ದು. ಪೋರ್ಟಲ್ ಕೈಕೊಟ್ರೆ ಏನಾಗುತ್ತೆ ಅಂತ ಮೊದಲೇ ಬರೆದಿಟ್ಟ ನಿಯಮ ಇಲ್ಲದೇ ಇರೋದ್ರಿಂದಲೇ ಈ ನಾಟಕ ವರ್ಷ ವರ್ಷ ನಡೆಯೋದು. ನಮ್ಮ ತೆರಿಗೆ ಕಾನೂನಿನಲ್ಲಿ ಗಡುವು ಮೀರಿದ್ರೆ ನಮಗೆ ಬೀಳೋ ಹೊಡೆತಕ್ಕೆ ಪೈಸೆ ಪೈಸೆ ಲೆಕ್ಕ ಇದೆ. ಸರ್ಕಾರದ ಕಡೆ ಬಾಗಿಲು ತೆರೆಯದೇ ಇದ್ರೆ ಸಿಗೋದು ಮಾತ್ರ ದಯೆ, ಅದೂ ಅವರಿಗೆ ಅನ್ನಿಸಿದಾಗ.

ಒಂದು ದಿನದ ಬೆಲೆ

‘ಒಂದು ದಿನ ತಡವಾದ್ರೆ ಏನು ಮಹಾ’ ಅನ್ನೋರಿಗೆ ಮೊದಲು ಲೆಕ್ಕ. 1961ರ ಆದಾಯ ತೆರಿಗೆ ಕಾಯ್ದೆಯ 234ಎಫ್ ಪ್ರಕಾರ ಲೇಟ್ ಫೀ 5,000 ರೂಪಾಯಿ. ಒಟ್ಟು ಆದಾಯ 5 ಲಕ್ಷ ದಾಟದಿದ್ರೆ 1,000. ಒಂದು ನಿಮಿಷ ತಡವಾದ್ರೂ ಅಷ್ಟೇ, ಡಿಸೆಂಬರ್ 31ರವರೆಗೆ ಎಳೆದ್ರೂ ಅಷ್ಟೇ. 2024-25ರಲ್ಲಿ ಆರೂವರೆ ಲಕ್ಷ ಆದಾಯ ಇದ್ದ, ಹೊಸ ಪದ್ಧತಿಯ ರಿಯಾಯಿತಿಯಿಂದ ಒಂದು ರೂಪಾಯಿ ತೆರಿಗೆಯೂ ಇಲ್ಲದ ವ್ಯಕ್ತಿಗೂ ಈ 5,000 ಬೀಳುತ್ತೆ. ತೆರಿಗೆ ಸೊನ್ನೆ, ದಂಡ ಐದು ಸಾವಿರ.

ತೆರಿಗೆ ಬಾಕಿ ಇದ್ರೆ 234ಎ ಅಡಿ ತಿಂಗಳಿಗೆ ಶೇ 1 ಬಡ್ಡಿ, ತಿಂಗಳ ಒಂದು ದಿನವೂ ಪೂರ್ತಿ ತಿಂಗಳೇ. ಇದಕ್ಕಿಂತ ಜೋರಾದ ಪೆಟ್ಟು ಬೇರೆಡೆ ಇದೆ. ಮನೆ ಬಾಡಿಗೆ, ಗೃಹ ಸಾಲ ಎಲ್ಲ ಸೇರಿಸಿ ಹಳೇ ಪದ್ಧತಿಯೇ ಲಾಭ ಅಂತ ಲೆಕ್ಕ ಹಾಕಿದ ಸಂಬಳದಾರರು ಗಡುವು ತಪ್ಪಿಸಿಕೊಂಡ್ರೆ ಆ ವರ್ಷ ಹಳೇ ಪದ್ಧತಿಯ ಬಾಗಿಲೇ ಮುಚ್ಚುತ್ತೆ. ಎಫ್ ಅಂಡ್ ಒನಲ್ಲಿ ಕೈ ಸುಟ್ಟುಕೊಂಡೋರು (ನಮ್ಮ ಓದುಗರಲ್ಲಿ ಇಂಥವರು ಕಮ್ಮಿ ಏನಿಲ್ಲ) ಆ ನಷ್ಟವನ್ನು ಮುಂದಿನ ಎಂಟು ವರ್ಷದ ಲಾಭದಲ್ಲಿ ಕಳೆಯಬಹುದು, ಆದರೆ ರಿಟರ್ನ್ ಗಡುವಿನೊಳಗೆ ಹೋಗಿದ್ರೆ ಮಾತ್ರ. ಎರಡು ಲಕ್ಷ ನಷ್ಟ ತೋರಿಸೋ ಹಕ್ಕು ಹನ್ನೆರಡು ಗಂಟೆ ಒಂದು ನಿಮಿಷಕ್ಕೆ ಹೋಗುತ್ತೆ.

ಈಗ ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ನಮಗೆ ಬರಬೇಕಾದ ರಿಫಂಡ್ ಸರ್ಕಾರ ತಡ ಮಾಡಿದ್ರೆ ಅದು ಕೊಡೋ ಬಡ್ಡಿ ತಿಂಗಳಿಗೆ ಅರ್ಧ ಪರ್ಸೆಂಟ್, ನಾವು ಕೊಡೋದರ ಅರ್ಧ. ಆ ಬಡ್ಡಿಗೂ ತೆರಿಗೆ ಇದೆ, ಅದು ಬೇರೆ ಮಾತು.

ಭಾನುವಾರವೂ ಹೋಯ್ತು

ಗಡುವಿನ ನ್ಯಾಯ ಅನ್ನೋದು ಹೊಸ ಕಲ್ಪನೆ ಅಲ್ಲ. ಬ್ರಿಟಿಷರ ಕಾಲದ 1897ರ ಜನರಲ್ ಕ್ಲಾಸಸ್ ಕಾಯ್ದೆಯ 10ನೇ ಸೆಕ್ಷನ್ ತುಂಬ ಸರಳ. ಒಂದು ಕೆಲಸಕ್ಕೆ ಕೊನೆಯ ದಿನ ನಿಗದಿಯಾಗಿದ್ದು, ಆ ದಿನ ಕೋರ್ಟೋ ಕಚೇರಿಯೋ ಮುಚ್ಚಿದ್ರೆ, ಮತ್ತೆ ತೆರೆದ ದಿನ ಮಾಡಿದ್ರೂ ಅದು ಸಕಾಲಕ್ಕೇ ಮಾಡಿದ ಹಾಗೆ. ಯಾರನ್ನೂ ಬೇಡಿಕೊಳ್ಳೋದು ಬೇಡ, ಮನವಿ ಬೇಡ, ಹ್ಯಾಶ್‌ಟ್ಯಾಗ್ ಬೇಡ. ಬಾಗಿಲು ಮುಚ್ಚಿತ್ತು, ಆದ್ದರಿಂದ ನಾಳೆ ಬನ್ನಿ. ಬ್ಯಾಂಕ್ ರಜೆಯ ದಿನ ಮುಂಗಡ ತೆರಿಗೆಯ ಕಂತು ಬಂದ್ರೆ ಮರುದಿನ ಕಟ್ಟಿದವರಿಗೆ ಬಡ್ಡಿ ಹಾಕಬಾರದು ಅಂತ 1994ರಲ್ಲಿ ಸಿಬಿಡಿಟಿಯೇ ಸುತ್ತೋಲೆ ಹೊರಡಿಸಿತ್ತು.

ಪೋರ್ಟಲ್ ಬಂದ ಮೇಲೆ ಏನಾಯ್ತು? 2022ರ ಜುಲೈ 31 ಭಾನುವಾರ. ಗಡುವು ಸೋಮವಾರಕ್ಕೆ ಹೋಗಲಿಲ್ಲ. ಪೋರ್ಟಲ್‌ಗೆ ಭಾನುವಾರ ಅಂತ ಇಲ್ಲವಲ್ಲ! ಆ ಒಂದೇ ಭಾನುವಾರ 72.42 ಲಕ್ಷ ರಿಟರ್ನ್‌ಗಳು ಸಲ್ಲಿಕೆಯಾದವು. ತಪ್ಪೇನಿಲ್ಲ, ದಿನದ 24 ಗಂಟೆಯೂ ತೆರೆದಿರೋ ಕಚೇರಿಗೆ ರಜೆಯ ವಿನಾಯಿತಿ ಬೇಕಿಲ್ಲ ಅನ್ನೋ ವಾದದಲ್ಲಿ ಹುರುಳಿದೆ. ಆದರೆ ಕೊಟ್ಟು ತಗೊಳ್ಳೋ ವ್ಯವಹಾರದಲ್ಲಿ ಇನ್ನೊಂದು ಬದಿಯೂ ಇರಬೇಕಿತ್ತು. ‘ಪೋರ್ಟಲ್ ಯಾವಾಗಲೂ ತೆರೆದಿರುತ್ತೆ, ಹಾಗಾಗಿ ಭಾನುವಾರದ ರಕ್ಷಣೆ ಇಲ್ಲ’ ಅಂದಮೇಲೆ, ‘ಪೋರ್ಟಲ್ ತೆರೆಯದೇ ಇದ್ರೆ ಆ ರಕ್ಷಣೆ ವಾಪಸ್’ ಅಂತಲೂ ಬರೀಬೇಕಲ್ವಾ? ಅದನ್ನು ಯಾರೂ ಬರೆಯಲಿಲ್ಲ. ಮುಚ್ಚಿದ ಬಾಗಿಲು ಕಾನೂನಿಗೆ ಕಾಣುತ್ತೆ, ತಿರುಗ್ತಾನೇ ಇರೋ ಚಕ್ರ ಕಾಣಲ್ಲ.

ಮೂರು ಗಡಿಯಾರ

ಇಲ್ಲಿ ಸ್ವಲ್ಪ ಎಂಜಿನಿಯರಿಂಗ್ ಮಾತಾಡ್ತೀನಿ, ಓದಿದ್ದು ಎಲ್ಲಾದ್ರೂ ಉಪಯೋಗಕ್ಕೆ ಬರಲಿ.

ನೀವು ‘ಸಲ್ಲಿಸಿ’ ಅಂತ ಒತ್ತಿದಾಗ ಕನಿಷ್ಠ ಮೂರು ಸಮಯ ದಾಖಲಾಗಬಹುದು. ನಿಮ್ಮ ಬೆರಳು ಒತ್ತಿದ ಸಮಯ ಒಂದು. ನಿಮ್ಮ ಮಾಹಿತಿ ಇಲಾಖೆಯ ಸರ್ವರ್‌ನ ಹೊಸ್ತಿಲು ತುಳಿದ ಸಮಯ ಎರಡು. ಸರ್ವರ್ ಅದನ್ನೆಲ್ಲ ಪರೀಕ್ಷಿಸಿ, ಡೇಟಾಬೇಸ್‌ನಲ್ಲಿ ಬರೆದು, ನಿಮಗೆ ಸ್ವೀಕೃತಿ ಸಂಖ್ಯೆ ಕೊಟ್ಟ ಸಮಯ ಮೂರು. ಸಾಮಾನ್ಯ ದಿನ ಇವು ಮೂರೂ ಒಂದೆರಡು ಸೆಕೆಂಡಿನೊಳಗೆ ಮುಗಿಯುತ್ತವೆ, ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ. ಕೊನೆಯ ರಾತ್ರಿ ಸಾಲು ಬೆಳೆದಾಗ ಮೊದಲನೆಯದಕ್ಕೂ ಮೂರನೆಯದಕ್ಕೂ ಮಧ್ಯೆ ಹತ್ತು ನಿಮಿಷ, ಅರ್ಧ ಗಂಟೆ ಅಂತರ ಬರಬಹುದು. 11.50ಕ್ಕೆ ಒತ್ತಿ 12.05ಕ್ಕೆ ಸ್ವೀಕೃತಿ ಬಂದ್ರೆ, ನೀವು ಸಮಯಕ್ಕೆ ಬಂದೋರಾ, ತಡವಾಗಿ ಬಂದೋರಾ?

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಸೆಕ್ಷನ್ ಇದಕ್ಕೊಂದು ಸುಳಿವು ಕೊಡುತ್ತೆ. ಪಡೆಯೋರು ಒಂದು ನಿರ್ದಿಷ್ಟ ಕಂಪ್ಯೂಟರ್ ವ್ಯವಸ್ಥೆಯನ್ನು ಗೊತ್ತು ಮಾಡಿದ್ರೆ, ದಾಖಲೆ ಆ ವ್ಯವಸ್ಥೆಯನ್ನು ಪ್ರವೇಶಿಸಿದ ಕ್ಷಣವೇ ತಲುಪಿದ ಕ್ಷಣ. ಅಂದ್ರೆ ಎರಡನೇ ಗಡಿಯಾರ. ಆದರೆ ಹೊಸ್ತಿಲೇ ದಾಟೋಕೆ ಬಿಡದೆ ಲಾಗಿನ್ ಪುಟದಲ್ಲೇ ನಿಲ್ಲಿಸಿದ್ರೆ? ಒಟಿಪಿ ಬರದೇ ಹೊರಗೇ ನಿಂತಿದ್ರೆ? ಅಲ್ಲಿ ಈ ಸೆಕ್ಷನ್ ಕೈಚೆಲ್ಲುತ್ತೆ.

ಆದರೆ ಈ ಸಮಸ್ಯೆಗೆ ಪರಿಹಾರ ನಮ್ಮ ದೇಶದಲ್ಲೇ ಇದೆ, ನೀವೆಲ್ಲ ಕಣ್ಣಾರೆ ನೋಡಿದ್ದೀರಿ. ಮತಗಟ್ಟೆ. ಸಂಜೆ ಆರಕ್ಕೆ ಮತದಾನ ಮುಗೀಬೇಕು ಅಂತಿದ್ರೂ, ಆರು ಗಂಟೆಗೆ ಸಾಲಲ್ಲಿ ನಿಂತಿರೋ ಪ್ರತಿಯೊಬ್ಬರಿಗೂ ಮತಗಟ್ಟೆ ಅಧಿಕಾರಿ ಚೀಟಿ ಕೊಡ್ತಾರೆ. ಅದೂ ಸಾಲಿನ ಕೊನೆಯಿಂದ ಶುರು ಮಾಡಿ, ಆಮೇಲೆ ಬಂದೋರು ಹಿಂದೆ ಸೇರಿಕೊಳ್ಳಬಾರದು ಅಂತ. ಚೀಟಿ ಇದ್ದವರು ರಾತ್ರಿ ಒಂಬತ್ತಕ್ಕೆ ಮತ ಹಾಕಿದ್ರೂ ಅದು ಸಕಾಲದ ಮತವೇ. ಸಾಲು ಉದ್ದವಾಗಿದ್ದು ಮತದಾರರ ತಪ್ಪಲ್ಲ ಅನ್ನೋ ಸರಳ ಒಪ್ಪಂದ ಅದರ ಹಿಂದಿದೆ.

ಸರ್ವರ್‌ನಲ್ಲಿ ಈ ಚೀಟಿ ಕೊಡೋದು ಮತಗಟ್ಟೆಗಿಂತ ಸುಲಭ. ರೈಲ್ವೆ ತತ್ಕಾಲ್‌ನಿಂದ ಹಿಡಿದು ಕ್ರಿಕೆಟ್ ಟಿಕೆಟ್‌ವರೆಗೆ ಎಷ್ಟೋ ಕಡೆ ಆನ್‌ಲೈನ್ ಕಾಯುವಿಕೆಯನ್ನು ನಾವು ನೋಡಿದ್ದೇವೆ. ಗಡುವಿನೊಳಗೆ ಪ್ಯಾನ್ ಸಂಖ್ಯೆ ಹಾಕಿ ಲಾಗಿನ್‌ಗೆ ಯತ್ನಿಸಿದ ಪ್ರತಿಯೊಬ್ಬರ ಹೆಸರಲ್ಲೂ ಒಂದು ಸಮಯದ ಮುದ್ರೆ ಒತ್ತಿ, ಅವರಿಗೆ ಮುಂದಿನ 24 ಗಂಟೆ ಕೊಟ್ರೆ ಸಾಕು. ಪಾಸ್‌ವರ್ಡ್ ಹಾಕಿ ಹೊರಗೆ ಬಿದ್ದಿದ್ದೂ ಒಂದು ಯತ್ನವೇ.

ಇಲಾಖೆಗೆ ಈ ತತ್ವ ಗೊತ್ತಿಲ್ಲ ಅಂತಲ್ಲ. ರಿಟರ್ನ್ ಅಪ್‌ಲೋಡ್ ಮಾಡಿ 30 ದಿನದೊಳಗೆ ಇ-ವೆರಿಫೈ ಮಾಡಿದ್ರೆ, ಅಪ್‌ಲೋಡ್ ಮಾಡಿದ ದಿನವೇ ಸಲ್ಲಿಕೆಯ ದಿನ. ಆಧಾರ್ ಒಟಿಪಿ ಆ ರಾತ್ರಿ ಬರದಿದ್ರೂ ನೀವು ಬಚಾವ್. ಒಳ್ಳೇ ನಿಯಮ. ಅದನ್ನೇ ಒಂದು ಹೆಜ್ಜೆ ಹಿಂದಕ್ಕೆ, ಅಪ್‌ಲೋಡ್‌ನಿಂದ ಲಾಗಿನ್‌ವರೆಗೆ ಎಳೆಯಬೇಕು, ಅಷ್ಟೇ.

ದುಡ್ಡು ಹೋಯ್ತು, ಆದರೆ ಬಂದಿಲ್ಲ

ಸಲ್ಲಿಕೆಗಿಂತ ಕಟ್ಟೋದರಲ್ಲಿ ಗೋಜಲು ಜಾಸ್ತಿ. ನಿಮ್ಮ ಖಾತೆಯಿಂದ ದುಡ್ಡು ಕಡಿತವಾದ ಕ್ಷಣ, ಬ್ಯಾಂಕ್ ಚಲನ್ ದಾಖಲಿಸಿದ ಕ್ಷಣ, ಸರ್ಕಾರದ ಖಾತೆಗೆ ಜಮಾ ಆದ ಕ್ಷಣ, ಇವು ಮೂರೂ ಬೇರೆ. ಮಧ್ಯೆ ನಿಂತಿರೋದು ಬ್ಯಾಂಕು, ಪೇಮೆಂಟ್ ಗೇಟ್‌ವೇ, ರಿಸರ್ವ್ ಬ್ಯಾಂಕ್. ಜಿಎಸ್‌ಟಿ ಕಾಯ್ದೆಯ 49ನೇ ಸೆಕ್ಷನ್ ನೇರವಾಗಿ ಹೇಳಿಬಿಟ್ಟಿದೆ: ಸರ್ಕಾರದ ಖಾತೆಗೆ ಜಮಾ ಆದ ದಿನವೇ ಕಟ್ಟಿದ ದಿನ. ಅಂದ್ರೆ ನಿಮ್ಮ ಜೇಬಿಂದ ದುಡ್ಡು ಹೋಗಿ ಅದರ ಖಜಾನೆ ಸೇರೋವರೆಗಿನ ದಾರಿಯ ಜವಾಬ್ದಾರಿ ಪೂರ್ತಿ ನಿಮ್ಮದೇ.

ತಮಾಷೆ ಏನಂದ್ರೆ, ಕಾಗದದ ಕಾಲದಲ್ಲಿ ಕಾನೂನು ಇದಕ್ಕಿಂತ ಉದಾರವಾಗಿತ್ತು. ಚೆಕ್ ಪಾಸಾದ್ರೆ, ಪಾವತಿಯಾಗಿದ್ದು ಚೆಕ್ ಕೈಗಿತ್ತ ದಿನವೇ, ಪಾಸಾದ ದಿನ ಅಲ್ಲ ಅನ್ನೋ ತತ್ವವನ್ನು ಸುಪ್ರೀಂ ಕೋರ್ಟ್ 1954ರಲ್ಲೇ ಓಗಲೆ ಗ್ಲಾಸ್ ವರ್ಕ್ಸ್ ಪ್ರಕರಣದಲ್ಲಿ ಒಪ್ಪಿತ್ತು. ಮೂರು ದಿನ ತಗೊಳ್ಳೋ ಚೆಕ್‌ಗೆ ಸಿಕ್ಕ ನ್ಯಾಯ ಮೂರು ಸೆಕೆಂಡಿನ ಯುಪಿಐಗೆ ಯಾಕೆ ಸಿಗಬಾರದು?

ಆ ಸೆಪ್ಟೆಂಬರ್ 15ಕ್ಕೇ ಬನ್ನಿ. ಅವತ್ತು ಎರಡನೇ ಕಂತಿನ ಮುಂಗಡ ತೆರಿಗೆಗೂ ಕೊನೆಯ ದಿನ. ಒಂದೇ ಬಾಗಿಲಿಗೆ ಎರಡು ಜಾತ್ರೆ. ಮಧ್ಯರಾತ್ರಿಯ ಪ್ರಕಟಣೆ ಹೇಳಿದ್ದು ರಿಟರ್ನ್ ಬಗ್ಗೆ. ಮುಂಗಡ ತೆರಿಗೆಯ ಕಂತು ಅದರಲ್ಲಿ ಬರಲಿಲ್ಲ. ವರ್ಷಕ್ಕೆ ಒಂದು ಲಕ್ಷ ತೆರಿಗೆ ಬರೋರು ಅಂತ ಇಟ್ಕೊಳ್ಳಿ. ಜೂನ್‌ನಲ್ಲಿ 15,000 ಕಟ್ಟಿದ್ದಾರೆ, ಸೆಪ್ಟೆಂಬರ್ 15ಕ್ಕೆ ಒಟ್ಟು 45,000 ಆಗಬೇಕು, ಅಂದ್ರೆ ಇನ್ನೂ 30,000. ಪುಟ ತೆರೆಯದೆ 16ರ ಬೆಳಗ್ಗೆ ಕಟ್ಟಿದ್ರು. 234ಸಿ ಇದಕ್ಕೆ ಒಂದು ದಿನದ ಬಡ್ಡಿ ಹಾಕಲ್ಲ, ಮೂರು ತಿಂಗಳ ಬಡ್ಡಿ ಹಾಕುತ್ತೆ: 30,000ಕ್ಕೆ ಶೇ 3, ಒಟ್ಟು 900 ರೂಪಾಯಿ. (44ಎಡಿ, 44ಎಡಿಎ ಅಂದಾಜು ಯೋಜನೆಯಲ್ಲಿ ಇರೋರಿಗೆ ಮಾರ್ಚ್ 15ರ ಒಂದೇ ಕಂತು, ಅವರು ಬಚಾವ್.) ನನ್ನ ಕಾಲೇಜಿನಲ್ಲಿ ಪರೀಕ್ಷೆ ಶುಲ್ಕಕ್ಕೂ ‘ದಂಡವಿಲ್ಲದೆ’, ‘ದಂಡದೊಂದಿಗೆ’ ಅಂತ ಎರಡು ದಿನಾಂಕ ಇರ್ತಿತ್ತು. ಒಂದು ವಾರ ತಡವಾದ್ರೆ ಇಷ್ಟು, ಎರಡು ವಾರಕ್ಕೆ ಅಷ್ಟು. ನೋಟಿಸ್ ಬೋರ್ಡಿನ ಮೇಲಿದ್ದ ಆ ಮೆಟ್ಟಿಲು ಮೆಟ್ಟಿಲಿನ ನ್ಯಾಯ ದೇಶದ ತೆರಿಗೆ ಕಾಯ್ದೆಯಲ್ಲಿ ಇಲ್ಲ.

ಸರಿಪಡಿಸೋಕೆ ಮನಸ್ಸು ಮಾಡಿದ್ರೆ ಆಗುತ್ತೆ ಅನ್ನೋದಕ್ಕೂ ಒಂದು ಉದಾಹರಣೆ ಇದೆ. ಜಿಎಸ್‌ಟಿಯಲ್ಲಿ ವ್ಯಾಪಾರಿ ಗಡುವಿಗೆ ಮೊದಲೇ ದುಡ್ಡನ್ನು ಎಲೆಕ್ಟ್ರಾನಿಕ್ ನಗದು ಲೆಡ್ಜರ್‌ಗೆ ಹಾಕಿದ್ರೂ, ರಿಟರ್ನ್ ತಡವಾದ್ರೆ ಬಡ್ಡಿ ಕೇಳ್ತಿದ್ರು. ದುಡ್ಡು ಸರ್ಕಾರದ ಬಳಿಯೇ ಇತ್ತು, ಆದರೂ ಬಡ್ಡಿ. ವರ್ಷಗಟ್ಟಲೆ ಜಗಳವಾದ ಮೇಲೆ, 2024ರ ಜೂನ್‌ನಲ್ಲಿ ಜಿಎಸ್‌ಟಿ ಕೌನ್ಸಿಲ್ ಒಪ್ಪಿ, ಜುಲೈನಲ್ಲಿ 88ಬಿ ನಿಯಮಕ್ಕೆ ತಿದ್ದುಪಡಿ ಬಂತು. ಗಡುವಿನೊಳಗೆ ಲೆಡ್ಜರ್‌ನಲ್ಲಿದ್ದ ಮೊತ್ತಕ್ಕೆ ಈಗ ಬಡ್ಡಿ ಇಲ್ಲ.

ಲಾಗ್ ಅವರ ಹತ್ತಿರ, ಸಾಕ್ಷಿ ಹೊರೆ ನಮ್ಮ ಮೇಲೆ

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲಿದೆ. ಪೋರ್ಟಲ್ ಕೈಕೊಟ್ಟಿದ್ದನ್ನು ಯಾರು ಸಾಬೀತು ಮಾಡಬೇಕು?

2017ರಲ್ಲಿ ಜಿಎಸ್‌ಟಿ ಬಂದಾಗ, ಹಳೇ ವ್ಯಾಟ್ ಮತ್ತು ಅಬಕಾರಿ ಸುಂಕದ ಕ್ರೆಡಿಟ್‌ಅನ್ನು ಹೊಸ ವ್ಯವಸ್ಥೆಗೆ ತರೋಕೆ ಟ್ರಾನ್-1 ಅನ್ನೋ ಅರ್ಜಿ ತುಂಬಬೇಕಿತ್ತು. ಕೊನೆಯ ದಿನ 2017ರ ಡಿಸೆಂಬರ್ 27. ಹೊಸ ಪೋರ್ಟಲ್, ಹೊಸ ಅರ್ಜಿ, ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ತುಂಬೋಕೆ ಆಗಲಿಲ್ಲ. 2018ರಲ್ಲಿ ಸರ್ಕಾರ ಒಂದು ಕಿಟಕಿ ತೆರೀತು, ತಾಂತ್ರಿಕ ತೊಂದರೆ ಆದವರಿಗೆ ಇನ್ನೊಂದು ಅವಕಾಶ ಅಂತ. ಆದರೆ ಷರತ್ತು: ತೊಂದರೆ ಆಗಿತ್ತು ಅಂತ ನೀವು ಪುರಾವೆ ಕೊಡಬೇಕು, ಜಿಎಸ್‌ಟಿಎನ್‌ನ ಸಿಸ್ಟಮ್ ಲಾಗ್‌ನಲ್ಲೂ ಅದು ಕಾಣಬೇಕು. ಲಾಗ್ ಇರೋದು ಅವರ ಹತ್ತಿರ. ಎರರ್ ಬಂದ ಸ್ಕ್ರೀನ್‌ಅನ್ನು ಫೋಟೊ ಹಿಡಿದಿಟ್ಟುಕೊಳ್ಳಬೇಕು ಅಂತ ತುಮಕೂರಿನ ಹಾರ್ಡ್‌ವೇರ್ ಅಂಗಡಿಯವರಿಗೆ ಯಾರು ಹೇಳಿದ್ರು? ದಿನಕ್ಕೆ ಹತ್ತು ಸಲ ಯತ್ನಿಸಿ, ಲಾಗಿನ್ನೇ ಆಗದವರ ಹೆಸರು ಲಾಗ್‌ನಲ್ಲಿ ಸಿಗದೇ ಹೋದ್ರೆ, ಅವರು ಯತ್ನಿಸಲೇ ಇಲ್ಲ ಅಂತ ಆಯ್ತು.

ದೇಶದ ಹೈಕೋರ್ಟ್‌ಗಳಲ್ಲಿ ಅರ್ಜಿಗಳು ರಾಶಿ ಬಿದ್ದವು. ಕೊನೆಗೆ 2022ರ ಜುಲೈನಲ್ಲಿ ಫಿಲ್ಕೊ ಟ್ರೇಡ್ ಸೆಂಟರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೋರ್ಟಿಗೆ ಬಂದವರು ಬಾರದವರು ಅನ್ನೋ ಭೇದ ಇಲ್ಲದೆ ಎಲ್ಲರಿಗೂ ಪೋರ್ಟಲ್ ಮತ್ತೆ ತೆರೀರಿ ಅಂತ ಆದೇಶಿಸಿತು. 2022ರ ಅಕ್ಟೋಬರ್ 1ರಿಂದ ನವೆಂಬರ್ 30ರವರೆಗೆ ಪೋರ್ಟಲ್ ತೆರೆದಿತ್ತು. ಸುಮಾರು ಐದು ವರ್ಷ. ಅಷ್ಟರಲ್ಲಿ ಅಂಗಡಿ ಮುಚ್ಚಿದವರಿಗೆ ಆ ಆದೇಶ ತಗೊಂಡು ಏನಾಗಬೇಕು?

2025ರ ಆಡಿಟ್ ಗಡುವಿನ ಕಥೆಯಲ್ಲೂ ಇದೇ ಧೋರಣೆ ಕಾಣುತ್ತೆ. ತೆರಿಗೆ ಆಡಿಟ್ ವರದಿಗೆ ಸೆಪ್ಟೆಂಬರ್ 30 ಕೊನೆಯ ದಿನ ಇತ್ತು. ಸೆಪ್ಟೆಂಬರ್ 24ರಂದು ರಾಜಸ್ಥಾನ ಹೈಕೋರ್ಟ್‌ನ ಜೋಧಪುರ ಪೀಠ ಅದನ್ನು ಅಕ್ಟೋಬರ್ 31ಕ್ಕೆ ವಿಸ್ತರಿಸೋಕೆ ಹೇಳಿತು, ಅದೇ ಹೊತ್ತಿಗೆ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಇಲ್ಲಿನ ಸಿಎಗಳ ಸಂಘದ ಅರ್ಜಿಯ ಮೇಲೆ ಅದನ್ನೇ ಹೇಳಿತು. ಮರುದಿನ ಸಿಬಿಡಿಟಿ ವಿಸ್ತರಿಸಿತು. ಆದರೆ ಪ್ರಕಟಣೆ ಓದಿ ನೋಡಿ: ವೃತ್ತಿಪರರ ಮನವಿ, ಪ್ರವಾಹ, ಹೈಕೋರ್ಟ್‌ಗಳ ಮುಂದಿರೋ ವಿಷಯ, ಇವೆಲ್ಲ ಕಾರಣಗಳು. ಪೋರ್ಟಲ್ ಮಾತ್ರ ಯಾವ ತಾಂತ್ರಿಕ ತೊಂದರೆಯೂ ಇಲ್ಲದೆ ಸುಗಮವಾಗಿ ನಡೀತಿದೆಯಂತೆ. ವಿಸ್ತರಣೆ ಕೊಡ್ತಾರೆ, ತಪ್ಪು ಒಪ್ಪಲ್ಲ. ಒಪ್ಪಿದ್ರೆ ಅದು ಹಕ್ಕಾಗಿಬಿಡುತ್ತೆ ಅನ್ನೋ ಭಯ ಇರಬೇಕು.

‘ಕೊನೇ ಕ್ಷಣದವರೆಗೆ ಯಾಕೆ ಕಾಯ್ತೀರಿ?’

ಈ ಪ್ರಶ್ನೆ ಬರುತ್ತೆ, ಬರಬೇಕು ಕೂಡ. ಸೆಪ್ಟೆಂಬರ್ 15ರೊಳಗೆ 7.3 ಕೋಟಿಗೂ ಹೆಚ್ಚು ರಿಟರ್ನ್‌ಗಳು ಸಲ್ಲಿಕೆಯಾಗಿದ್ದವು. ಅಷ್ಟು ಜನರಿಗೆ ಆಗಿದ್ದು ನಿಮಗೆ ಯಾಕೆ ಆಗಲಿಲ್ಲ? ಪ್ರತಿ ವರ್ಷ ಗಡುವು ಮುಂದೂಡ್ತಾ ಹೋದ್ರೆ ಸಮಯಕ್ಕೆ ಮಾಡಿದವರೇ ಮೂರ್ಖರಾಗ್ತಾರೆ, ಮುಂದಿನ ವರ್ಷ ಎಲ್ಲರೂ ವಿಸ್ತರಣೆಗೇ ಕಾಯ್ತಾರೆ. ಈ ವಾದವನ್ನು ನಾನು ಪೂರ್ತಿ ಒಪ್ತೀನಿ. ಅದಕ್ಕೇ ಹೇಳ್ತಿರೋದು, ವಿಸ್ತರಣೆ ಬೇಡ, ನಿಯಮ ಬೇಕು. ಎಲ್ಲರಿಗೂ ಸಾರಾಸಗಟು ಒಂದು ತಿಂಗಳು ಕೊಡೋದಕ್ಕಿಂತ, ಯತ್ನಿಸಿ ವಿಫಲರಾದವರಿಗೆ ಒಂದು ದಿನ ತಾನಾಗಿಯೇ ಸಿಗೋದು ಹೆಚ್ಚು ಶಿಸ್ತಿನದು.

ಇನ್ನೊಂದು ವಿಷಯ. ಗಡುವಿಗೆ ಎರಡು ತುದಿ ಇರುತ್ತೆ. ಕೊನೆಯ ದಿನದ ಬಗ್ಗೆ ಎಲ್ಲರೂ ಮಾತಾಡ್ತಾರೆ, ಮೊದಲ ದಿನದ ಬಗ್ಗೆ ಯಾರೂ ಮಾತಾಡಲ್ಲ. 2025ರಲ್ಲಿ, ಷೇರು ಮಾರಾಟದ ಲಾಭ ಇದ್ದವರಿಗೆ ಬೇಕಾದ ಐಟಿಆರ್-2, ವ್ಯಾಪಾರಸ್ಥರ ಐಟಿಆರ್-3 ತುಂಬೋ ಸಾಫ್ಟ್‌ವೇರ್ ಇಲಾಖೆಯಿಂದ ಬಂದಿದ್ದು ಜುಲೈನಲ್ಲಿ. ವರ್ಷ ಮುಗಿದಿದ್ದು ಮಾರ್ಚ್ 31ಕ್ಕೆ. ಮೇ 27ರಂದೇ ಗಡುವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಒಯ್ದಿದ್ದಕ್ಕೆ ಇಲಾಖೆ ಕೊಟ್ಟ ಕಾರಣವೂ ಇದೇ, ಅರ್ಜಿಗಳಲ್ಲಿ ಬದಲಾವಣೆ, ವ್ಯವಸ್ಥೆ ಸಿದ್ಧಪಡಿಸೋಕೆ ಸಮಯ. ಹಾಗಿದ್ರೆ ದಿನಾಂಕ ಯಾಕೆ ಮೊದಲೇ ಬರೀಬೇಕು? ಸಾಫ್ಟ್‌ವೇರ್ ಬಿಡುಗಡೆಯಾದ ದಿನದಿಂದ ಇಷ್ಟು ದಿನ ಅಂತ ಬರೆದ್ರೆ, ಅವರು ತಡ ಮಾಡಿದಷ್ಟೂ ಗಡುವು ತಾನೇ ಮುಂದೆ ಹೋಗುತ್ತೆ. ಪ್ರಶ್ನೆಪತ್ರಿಕೆ ಅರ್ಧ ಗಂಟೆ ತಡವಾಗಿ ಕೊಟ್ರೆ ಪರೀಕ್ಷೆಯೂ ಅರ್ಧ ಗಂಟೆ ತಡವಾಗಿ ಮುಗೀಬೇಕಲ್ವಾ?

ಜಾತ್ರೆಯನ್ನು ಹಂಚೋದೂ ಒಂದು ದಾರಿ. 2024ರ ಜುಲೈ 31ರಂದು ಒಂದೇ ದಿನ 69.92 ಲಕ್ಷ ರಿಟರ್ನ್ ಬಂದವು, ಸಂಜೆ 7ರಿಂದ 8ರೊಳಗೆ 5.07 ಲಕ್ಷ. ಅಂದ್ರೆ ಆ ಗಂಟೆಯಲ್ಲಿ ಸೆಕೆಂಡಿಗೆ ಸರಾಸರಿ 140. ನಮ್ಮ ಎಂಜಿನಿಯರ್‌ಗಳು ಅದನ್ನು ನಿಭಾಯಿಸಿದ್ರು, ಶಹಬ್ಬಾಸ್ ಅನ್ನಲೇಬೇಕು. ಆದರೆ ಒಂದು ಸಂಜೆಗೋಸ್ಕರ ಇಷ್ಟು ದೊಡ್ಡ ಕೊಳವೆ ಹಾಕೋದಕ್ಕಿಂತ ನೀರನ್ನೇ ಹಂಚಿ ಬಿಡೋದು ಅಗ್ಗ. ಜಿಎಸ್‌ಟಿ ಇದನ್ನು 2020ರ ಜನವರಿಯಲ್ಲೇ ಮಾಡಿತು. ವಹಿವಾಟು 5 ಕೋಟಿಗಿಂತ ಕಮ್ಮಿ ಇರೋರಿಗೆ 3ಬಿ ರಿಟರ್ನ್‌ನ ದಿನಾಂಕವನ್ನು ರಾಜ್ಯವಾರು 22 ಮತ್ತು 24ಕ್ಕೆ ಹಂಚಿತು. ಕರ್ನಾಟಕ 22ರ ಗುಂಪಿನಲ್ಲಿದೆ. ತ್ರೈಮಾಸಿಕ ಸಲ್ಲಿಸೋರಿಗೆ ಈಗಲೂ ಇದೇ ಹಂಚಿಕೆ. ಬೇಗ ಬರೋರಿಗೆ ಏನಾದ್ರೂ ಕೊಡೋದು ಇನ್ನೊಂದು ದಾರಿ. ಬೆಂಗಳೂರಿನಲ್ಲಿ ಆಸ್ತಿ ತೆರಿಗೆ ಪೂರ್ತಿ ಏಪ್ರಿಲ್‌ನಲ್ಲೇ ಕಟ್ಟಿದ್ರೆ ಶೇ 5 ಕಮ್ಮಿ, ಜನ ಓಡೋಡಿ ಬರ್ತಾರೆ.

ಬೇರೆ ಕಡೆ ಹೇಗಿದೆ ಅಂತ ಕೇಳಿದ್ರೆ, ಅಮೆರಿಕದ ಉದಾಹರಣೆ ಸಾಕು. ಅಲ್ಲಿ ಅಂಚೆಯಲ್ಲಿ ಹಾಕಿದ ದಿನವೇ ಸಲ್ಲಿಸಿದ ದಿನ ಅನ್ನೋ ಹಳೇ ನಿಯಮವನ್ನು ಇ-ಫೈಲಿಂಗ್‌ಗೂ ಎಳೆದಿದ್ದಾರೆ, ಅಧಿಕೃತ ಮಧ್ಯವರ್ತಿ ಸಂಸ್ಥೆಗೆ ತಲುಪಿದಾಗ ಬೀಳೋ ಎಲೆಕ್ಟ್ರಾನಿಕ್ ಮುದ್ರೆಯ ಸಮಯವೇ ಲೆಕ್ಕ. ಅದೂ ತೆರಿಗೆದಾರರ ಊರಿನ ಗಡಿಯಾರದಲ್ಲಿ. ಸಣ್ಣ ತಪ್ಪಿನಿಂದ ರಿಟರ್ನ್ ತಿರಸ್ಕಾರವಾದ್ರೆ ಸರಿಪಡಿಸಿ ಕಳಿಸೋಕೆ ಐದು ದಿನ. 2018ರ ಏಪ್ರಿಲ್ 17ರಂದು, ಅಲ್ಲಿನ ಕೊನೆಯ ದಿನವೇ, ವ್ಯವಸ್ಥೆ ಕುಸಿದಾಗ ಅವರೂ ಒಂದು ದಿನ ಹೆಚ್ಚು ಕೊಟ್ಟಿದ್ರು. ಈ ಹೋಲಿಕೆ ಕ್ಯಾಲಿಫೋರ್ನಿಯಾದಲ್ಲಿರೋ ಕನ್ನಡಿಗರಿಗೆ ಚೆನ್ನಾಗಿ ಅರ್ಥವಾಗುತ್ತೆ: ಊರಲ್ಲಿ ಬಾಡಿಗೆ ಮನೆ ಇದೆ, ಇಲ್ಲಿ ರಿಟರ್ನ್ ಹಾಕಬೇಕು, ನಮ್ಮ ಮಧ್ಯರಾತ್ರಿ ಅಂದ್ರೆ ಅಲ್ಲಿ ಬೇಸಿಗೆಯಲ್ಲಿ ಬೆಳಗ್ಗೆ ಹನ್ನೊಂದೂವರೆ.

ಈಗ ಯಾಕೆ ಮಾತಾಡಬೇಕು

ಹೊಸ ಆದಾಯ ತೆರಿಗೆ ಕಾಯ್ದೆ, 2025ಕ್ಕೆ ಆಗಸ್ಟ್ 21ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. 2026ರ ಏಪ್ರಿಲ್ 1ರಿಂದ ಜಾರಿ. 536 ಸೆಕ್ಷನ್‌ಗಳ ಕಾಯ್ದೆ ಸಿದ್ಧವಾಗಿದೆ, ಆದರೆ ಅಂಕಿತ ಬಿದ್ದಾಗ ಅದರ ಕೆಳಗಿನ ನಿಯಮಗಳು, ಅರ್ಜಿ ನಮೂನೆಗಳು ಇನ್ನೂ ಬರೀಬೇಕಾಗಿತ್ತು. ಮಾತಾಡಿದ್ರೆ ಬದಲಾಗುತ್ತೆ ಅನ್ನೋದಕ್ಕೆ ಇದೇ ಕಾಯ್ದೆ ಸಾಕ್ಷಿ. ಫೆಬ್ರವರಿಯಲ್ಲಿ ಮಂಡಿಸಿದ ಮೂಲ ಮಸೂದೆಯಲ್ಲಿ, ಗಡುವು ಮೀರಿ ರಿಟರ್ನ್ ಹಾಕಿದವರಿಗೆ ರಿಫಂಡೇ ಇಲ್ಲ ಅನ್ನೋ ಅರ್ಥ ಬರೋ ಒಂದು ಕಲಂ ಇತ್ತು. ವಿರೋಧ ಬಂತು, ಬೈಜಯಂತ್ ಪಾಂಡಾ ಅಧ್ಯಕ್ಷತೆಯ ಆಯ್ಕೆ ಸಮಿತಿ ಅದನ್ನು ತೆಗೀಬೇಕು ಅಂತು, ಆಗಸ್ಟ್‌ನಲ್ಲಿ ಬಂದ ಪರಿಷ್ಕೃತ ಮಸೂದೆಯಲ್ಲಿ ಅದು ಇರಲಿಲ್ಲ.

ಹಾಗಾಗಿ ನಿಯಮಗಳಲ್ಲಿ ಏನಿರಬೇಕು ಅನ್ನೋದನ್ನು ಈಗಲೇ ಕೇಳೋಣ. ಕೊನೆಯ ಮೂರು ದಿನಗಳಲ್ಲಿ ಪೋರ್ಟಲ್ ಒಟ್ಟು ಇಂತಿಷ್ಟು ಗಂಟೆ ಕೆಲಸ ಮಾಡದಿದ್ರೆ ಗಡುವು ತಾನಾಗಿಯೇ ಮರುದಿನಕ್ಕೆ ಹೋಗಬೇಕು, ರಿಟರ್ನ್‌ಗೂ ಪಾವತಿಗೂ ಒಟ್ಟಿಗೆ. ಕೆಲಸ ಮಾಡ್ತಿತ್ತಾ ಇಲ್ವಾ ಅನ್ನೋದನ್ನು ಇಲಾಖೆಯ ಟ್ವೀಟ್ ಅಲ್ಲ, ಎಲ್ಲರಿಗೂ ಕಾಣೋ ಒಂದು ಸ್ಥಿತಿ ಪುಟ ಹೇಳಬೇಕು: ನಿಮಿಷ ನಿಮಿಷಕ್ಕೆ ಎಷ್ಟು ಲಾಗಿನ್ ಯತ್ನ, ಎಷ್ಟು ಯಶಸ್ವಿ. ಬ್ಯಾಂಕುಗಳ ಯುಪಿಐ ವೈಫಲ್ಯದ ಪ್ರಮಾಣವನ್ನು ಎನ್‌ಪಿಸಿಐ ತಿಂಗಳು ತಿಂಗಳು ಪ್ರಕಟಿಸುತ್ತೆ, ತೆರಿಗೆ ಪೋರ್ಟಲ್‌ಗೇನು ಕಷ್ಟ? 2019ರಲ್ಲಿ ಸಂಪುಟ ಒಪ್ಪಿದ ಈ ವ್ಯವಸ್ಥೆಯ ವೆಚ್ಚ ಸುಮಾರು 4,242 ಕೋಟಿ ರೂಪಾಯಿ. ಇನ್ಫೊಸಿಸ್ ಕಟ್ಟಿದ ಪೋರ್ಟಲ್ 2021ರ ಜೂನ್ 7ಕ್ಕೆ ಶುರುವಾಗಿ, ಆಗಸ್ಟ್‌ನಲ್ಲಿ ಎರಡು ದಿನ ಪೂರ್ತಿ ಮಲಗಿದಾಗ ಹಣಕಾಸು ಸಚಿವಾಲಯ ಕಂಪನಿಯ ಸಿಇಒಗೆ ಸಮನ್ಸ್ ಕಳಿಸಿ ಕಾರಣ ಕೇಳಿತ್ತು. ಕಂಪನಿಯನ್ನು ಕರೆಸಿ ಕೇಳೋ ಹಕ್ಕು ಸಚಿವಾಲಯಕ್ಕಿದೆ. ಆ ಎರಡು ದಿನದ ಲಾಗ್ ನೋಡೋ ಹಕ್ಕು ತೆರಿಗೆ ಕಟ್ಟೋರಿಗೆ ಇಲ್ಲ.

2025ರ ಸೆಪ್ಟೆಂಬರ್ 16 ತಪ್ಪಿಸಿಕೊಂಡವರಿಗೆ ಇದ್ದ ದಾರಿ ಎರಡು. ಡಿಸೆಂಬರ್ 31ರೊಳಗೆ ಲೇಟ್ ಫೀ ಕಟ್ಟಿ ತಡವಾದ ರಿಟರ್ನ್ ಹಾಕಬಹುದಿತ್ತು. ರಿಫಂಡ್ ಅಥವಾ ನಷ್ಟದ ವಿಷಯ ಇದ್ರೆ, 119(2)(ಬಿ) ಅಡಿ ವಿಳಂಬ ಮನ್ನಿಸಿ ಅಂತ ಅರ್ಜಿ ಹಾಕಬಹುದು. 2024ರ ಅಕ್ಟೋಬರ್ 1ರ ಸುತ್ತೋಲೆ ಪ್ರಕಾರ ಒಂದು ಕೋಟಿವರೆಗಿನ ಕ್ಲೇಮ್‌ಗೆ ಪ್ರಧಾನ ಆಯುಕ್ತರು ಅಥವಾ ಆಯುಕ್ತರೇ ನಿರ್ಧರಿಸಬಹುದು, ಸಾಧ್ಯವಾದಷ್ಟು ಮಟ್ಟಿಗೆ ಆರು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಅರ್ಜಿಯ ಜೊತೆ ಆ ರಾತ್ರಿಯ ಸ್ಕ್ರೀನ್‌ಶಾಟ್ ಇದ್ರೆ ಲಗತ್ತಿಸಿ, ಅದರಲ್ಲಿ ದಿನಾಂಕ, ಸಮಯ, ವಿಳಾಸ ಪಟ್ಟಿ ಮೂರೂ ಕಾಣಲಿ. ಪೋರ್ಟಲ್‌ನಲ್ಲಿ ದೂರು ದಾಖಲಿಸಿದ್ರೆ ಅದರ ಸಂಖ್ಯೆಯನ್ನೂ ಬರೀರಿ.